ಬ್ಲ್ಯಾಕ್‌ಮೋರ್ ಯಾಕೆ ಪ್ರತಿ ಸಲ ಬ್ಯಾಂಡ್ ಬದಲಾಯಿಸಿದ?

ಪ್ರಶ್ನೆ: ನಾನು ಗಿಟಾರ್ ಕಲಿಯುತ್ತಿದ್ದೇನೆ. ಎಲ್ಲರ ಹಾಗೆ ‘ಸ್ಮೋಕ್ ಆನ್ ದ ವಾಟರ್’ನಿಂದಲೇ ಶುರು ಮಾಡಿದೆ. ಅದನ್ನು ನುಡಿಸಿದ ರಿಚಿ ಬ್ಲ್ಯಾಕ್‌ಮೋರ್ ಬಗ್ಗೆ ಓದಿದಷ್ಟೂ ಗೊಂದಲ ಆಗುತ್ತಿದೆ. ಡೀಪ್ ಪರ್ಪಲ್ ಬಿಟ್ಟ, ರೇನ್‌ಬೋ ಕಟ್ಟಿದ, ಹಾಡುಗಾರರನ್ನು ಬದಲಾಯಿಸುತ್ತಲೇ ಹೋದ, ಕೊನೆಗೆ ರಾಕ್ ಬಿಟ್ಟು ಹಳೇ ಕಾಲದ ಸಂಗೀತಕ್ಕೆ ಹೋದ. ಇವನು ಬರೀ ಜಗಳಗಂಟನಾ? ಅಥವಾ ಇದರ ಹಿಂದೆ ಏನಾದರೂ ಲೆಕ್ಕ ಇತ್ತಾ? ಕೇಳೋಕೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಜಗಳಗಂಟ ಹೌದು, ಅದರಲ್ಲಿ ಅನುಮಾನ ಬೇಡ. ಆದರೆ ಬರೀ ಸಿಟ್ಟಿನ ಕಥೆ ಅಂತ ಓದಿದರೆ ಅವನ ಸಂಗೀತ ಕೈಗೆ ಸಿಗುವುದಿಲ್ಲ. ಅವನ ಎಲ್ಲ ಬ್ಯಾಂಡ್‌ಗಳನ್ನೂ ಸಾಲಾಗಿ ಕೇಳಿ ನೋಡಿ. ಹಾಡುಗಾರರು ಬದಲಾಗುತ್ತಾರೆ, ಡ್ರಮ್ಮರ್‌ಗಳು ಬದಲಾಗುತ್ತಾರೆ, ಆದರೆ ಗಿಟಾರ್ ಹುಡುಕುತ್ತಿರೋ ರಾಗ ಮಾತ್ರ ಮೊದಲಿಂದ ಕೊನೆತನಕ ಒಂದೇ. ಯುರೋಪಿನ ಹಳೇ ಸಂಗೀತದ ಚೂರು ಅವನ ಕಿವಿಯಲ್ಲಿ ಮೊದಲಿಂದಲೂ ಕೂತಿತ್ತು. ಬ್ಯಾಂಡ್ ಆ ಕಡೆ ಬರುವಷ್ಟು ದಿನ ಅವನು ಇದ್ದ. ಬೇರೆ ಕಡೆ ಎಳೆದಾಗ ಎದ್ದು ಹೋದ, ಇಲ್ಲವೇ ಎಳೆದವರನ್ನು ಕಳಿಸಿದ.

ಹುಟ್ಟಿದ್ದು 1945ರ ಏಪ್ರಿಲ್ 14ರಂದು, ಇಂಗ್ಲೆಂಡಿನ ವೆಸ್ಟನ್-ಸೂಪರ್-ಮೇರ್ ಅನ್ನೋ ಕರಾವಳಿ ಊರಿನಲ್ಲಿ. ಬೆಳೆದದ್ದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಹತ್ತಿರ, ಹೆಸ್ಟನ್‌ನಲ್ಲಿ. ಹನ್ನೊಂದನೇ ವಯಸ್ಸಿಗೆ ಅಪ್ಪ ಗಿಟಾರ್ ಕೊಡಿಸಿದರು. ಸರಿಯಾಗಿ ಪಾಠ ಹೇಳಿಸಿಕೊಳ್ಳಬೇಕು ಅನ್ನೋ ಷರತ್ತು ಹಾಕಿಯೇ ಕೊಡಿಸಿದರು. ಹಾಗಾಗಿ ಒಂದು ವರ್ಷ ಕ್ಲಾಸಿಕಲ್ ಗಿಟಾರ್ ಪಾಠ ಆಯಿತು. ಒಂದೇ ವರ್ಷ ಅಲ್ವಾ ಅಂತ ಹಗುರವಾಗಿ ನೋಡಬೇಡಿ. ಆಗಿನ ರಾಕ್ ಹುಡುಗರು ಬಹಳ ಮಂದಿ ಎಡಗೈಯ ಮೂರೇ ಬೆರಳಲ್ಲಿ ಕೆಲಸ ಮುಗಿಸುತ್ತಿದ್ದರು. ಇವನಿಗೆ ಕಿರುಬೆರಳೂ ಪಳಗಿತ್ತು. ಆಮೇಲೆ ಬಿಗ್ ಜಿಮ್ ಸಲಿವನ್ ಅನ್ನೋ ಹೆಸರುವಾಸಿ ಸ್ಟುಡಿಯೋ ಗಿಟಾರಿಸ್ಟ್ ಹತ್ತಿರ ಒಂದಷ್ಟು ಕಲಿತ. ಶಾಲೆ ಬಿಟ್ಟ ಮೇಲೆ ಹೀಥ್ರೂನಲ್ಲೇ ರೇಡಿಯೋ ಮೆಕ್ಯಾನಿಕ್ ಕೆಲಸಕ್ಕೆ ಅಪ್ರೆಂಟಿಸ್ ಆಗಿ ಸೇರಿದ್ದ.

ಅವನ ನಿಜವಾದ ಗರಡಿಮನೆ ಲಂಡನ್ನಿನ ಹಾಲೋವೇ ರಸ್ತೆಯ 304ನೇ ನಂಬರಿನ ಕಟ್ಟಡ. ಕೆಳಗೆ ಚರ್ಮದ ಸಾಮಾನಿನ ಅಂಗಡಿ, ಮೇಲೆ ಜೋ ಮೀಕ್ ಅನ್ನೋ ನಿರ್ಮಾಪಕನ ಸ್ಟುಡಿಯೋ. ಸ್ಟುಡಿಯೋ ಅಂದರೆ ವಾಸದ ಮನೆಯೇ. ಬೇಕಾದ ಸದ್ದು ಸಿಗುತ್ತೆ ಅಂದರೆ ಬಚ್ಚಲುಮನೆಯಲ್ಲೂ ರೆಕಾರ್ಡ್ ಮಾಡುತ್ತಿದ್ದ ಮನುಷ್ಯ ಆತ. ಅಲ್ಲಿನ ಖಾಯಂ ಬ್ಯಾಂಡ್ ‘ದಿ ಔಟ್‌ಲಾಸ್’ನಲ್ಲಿ ಬ್ಲ್ಯಾಕ್‌ಮೋರ್ ಗಿಟಾರ್ ನುಡಿಸುತ್ತಿದ್ದ. ಯಾರ ಹಾಡಿಗೋ ಬೇಗ ಬಂದು, ಅಚ್ಚುಕಟ್ಟಾಗಿ ನುಡಿಸಿ, ಎದ್ದು ಹೋಗುವ ಕೆಲಸ. ಅದೇ ಬ್ಯಾಂಡಿನ ಡ್ರಮ್ಮರ್ ಮಿಕ್ ಅಂಡರ್‌ವುಡ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಸಲ ಬರುತ್ತದೆ. ಇದರ ಜೊತೆಗೆ ಸ್ಕ್ರೀಮಿಂಗ್ ಲಾರ್ಡ್ ಸಚ್ ಅನ್ನೋ ವಿಚಿತ್ರ ಹಾಡುಗಾರನ ಜೊತೆಗೂ ಓಡಾಡಿದ. ಶವಪೆಟ್ಟಿಗೆಯಿಂದ ಎದ್ದು ವೇದಿಕೆಗೆ ಬರುತ್ತಿದ್ದ ಆಸಾಮಿ ಅವನು. ಸಂಕೋಚದ ಹುಡುಗ ಬ್ಲ್ಯಾಕ್‌ಮೋರ್ ವೇದಿಕೆ ಮೇಲೆ ಆಟ ಆಡುವುದನ್ನು ಕಲಿತದ್ದು ಅಲ್ಲೇ. ನಡುವೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೆಲ ಕಾಲ ಇದ್ದ.

1968ರಲ್ಲಿ ಡೀಪ್ ಪರ್ಪಲ್ ಶುರುವಾಯಿತು. ಹೆಸರು ಬಂದದ್ದು ಬ್ಲ್ಯಾಕ್‌ಮೋರ್ ಅಜ್ಜಿಗೆ ಇಷ್ಟವಾದ ಒಂದು ಹಳೇ ಹಾಡಿನಿಂದ. ಆರ್ಗನ್‌ಗೆ ಜಾನ್ ಲಾರ್ಡ್, ಡ್ರಮ್ಸ್‌ಗೆ ಇಯಾನ್ ಪೇಸ್, ಬೇಸ್‌ಗೆ ನಿಕ್ ಸಿಂಪರ್, ಹಾಡೋಕೆ ರಾಡ್ ಇವಾನ್ಸ್. ‘ಹಶ್’ ಅನ್ನೋ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು. ಆ ಮೊದಲ ಮೂರು ಆಲ್ಬಂಗಳ ಬಗ್ಗೆ ಜಾಸ್ತಿ ಹೇಳೋದು ಏನಿಲ್ಲ. ಆಗ ಬ್ಯಾಂಡಿಗೆ ತಾನು ಯಾರು ಅನ್ನೋದೇ ಗೊತ್ತಿರಲಿಲ್ಲ.

1969ರಲ್ಲಿ ಹೊಸ ಹಾಡುಗಾರ ಬೇಕಾದಾಗ ಇಯಾನ್ ಗಿಲನ್ ಹೆಸರು ಹೇಳಿದ್ದು ಇದೇ ಮಿಕ್ ಅಂಡರ್‌ವುಡ್. ಗಿಲನ್ ಜೊತೆಗೆ ಅವನದೇ ಬ್ಯಾಂಡಿನ ರೋಜರ್ ಗ್ಲೋವರ್ ಬೇಸ್ ಹಿಡಿದು ಬಂದ. ಆ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜಾನ್ ಲಾರ್ಡ್ ಬರೆದ ಕಾನ್ಸರ್ಟೋ, ಅಂದರೆ ಆರ್ಕೆಸ್ಟ್ರಾ ಜೊತೆ ನುಡಿಸುವ ದೊಡ್ಡ ಕೃತಿ, ನಡೆಯಿತು. ಒಂದು ಕಡೆ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ, ಇನ್ನೊಂದು ಕಡೆ ಡೀಪ್ ಪರ್ಪಲ್. ಹೆಸರು ಬಂತು, ಆದರೆ ಬ್ಲ್ಯಾಕ್‌ಮೋರ್‌ಗೆ ಅದು ಹಿಡಿಸಲಿಲ್ಲ. ಜರ್ಮನಿಯ ಹಳೇ ಸಂಗೀತಕಾರ ಬಾಕ್ ಅಂದರೆ ಪ್ರಾಣ ಬಿಡುವವನಿಗೆ ಆರ್ಕೆಸ್ಟ್ರಾ ಯಾಕೆ ಬೇಡವಾಯಿತು? ಹಳೇ ಸಂಗೀತ ಅವನಿಗೆ ಬೇಕಾಗಿದ್ದದ್ದು ಗಿಟಾರಿನ ಒಳಗೆ, ಪಕ್ಕದಲ್ಲಿ ಕುರ್ಚಿ ಹಾಕಿ ಕೂತ ಹಾಗಲ್ಲ. ಒಂದು ಅಪ್ಪಟ ರಾಕ್ ಆಲ್ಬಂ ಮಾಡೋಣ, ಅದು ಓಡದಿದ್ದರೆ ಉಳಿದ ಆಯುಷ್ಯ ಪೂರ್ತಿ ಆರ್ಕೆಸ್ಟ್ರಾ ಜೊತೆಗೇ ನುಡಿಸುತ್ತೇನೆ ಅಂತ ಪಂಥ ಕಟ್ಟಿದ. 1970ರಲ್ಲಿ ಬಂದ ‘ಇನ್ ರಾಕ್’ ಆ ಆಲ್ಬಂ. ಬ್ರಿಟನ್ನಿನಲ್ಲಿ 4ನೇ ಸ್ಥಾನಕ್ಕೆ ಏರಿತು.

ಅದರಲ್ಲಿರುವ ‘ಚೈಲ್ಡ್ ಇನ್ ಟೈಮ್’ನ ಮೂಲ ರಾಗ ಅಮೆರಿಕದ ‘ಇಟ್ಸ್ ಎ ಬ್ಯೂಟಿಫುಲ್ ಡೇ’ ಬ್ಯಾಂಡಿನ ‘ಬಾಂಬೆ ಕಾಲಿಂಗ್’ನಿಂದ ಎತ್ತಿದ್ದು. ಅವರೂ ಸುಮ್ನೆ ಬಿಡಲಿಲ್ಲ, ಪರ್ಪಲ್‌ನ ಒಂದು ಟ್ಯೂನ್ ಎತ್ತಿ ಲೆಕ್ಕ ಚುಕ್ತಾ ಮಾಡಿಕೊಂಡರು. ಕೋರ್ಟು ಕಚೇರಿ ಏನಿಲ್ಲ. ಆ ಕಾಲವೇ ಹಾಗಿತ್ತು.

ಈಗ ನಿಮ್ಮ ರಿಫ್‌ಗೆ, ಅಂದರೆ ‘ಸ್ಮೋಕ್’ನಲ್ಲಿ ಮತ್ತೆ ಮತ್ತೆ ಬರುವ ಆ ಗಿಟಾರ್ ತುಣುಕಿಗೆ ಬರೋಣ. 1971ರ ಡಿಸೆಂಬರ್. ಸ್ವಿಟ್ಜರ್‌ಲೆಂಡಿನ ಮಾಂತ್ರೂ. ಜಿನೀವಾ ಸರೋವರದ ದಡದ ಕ್ಯಾಸಿನೋದಲ್ಲಿ ಆಲ್ಬಂ ರೆಕಾರ್ಡ್ ಮಾಡೋದು ಅಂತ ಡೀಪ್ ಪರ್ಪಲ್ ಹೋಗಿತ್ತು. ಸದ್ದು ಹಿಡಿಯೋಕೆ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಮೊಬೈಲ್ ಸ್ಟುಡಿಯೋ, ಅಂದರೆ ಲಾರಿಯೊಳಗೇ ಕಟ್ಟಿದ ಸ್ಟುಡಿಯೋ. ಡಿಸೆಂಬರ್ 4ಕ್ಕೆ ಆ ಕ್ಯಾಸಿನೋದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಝಪ್ಪಾ ಕಛೇರಿ. ಅದು ಮುಗಿದರೆ ಜಾಗ ಇವರದು. ಕಛೇರಿ ನಡುವೆ ಯಾರೋ ಪುಣ್ಯಾತ್ಮ ಚಾವಣಿಗೆ ಫ್ಲೇರ್, ಅಂದರೆ ಉರಿಯುವ ಸಂಕೇತದ ಬಾಣ, ಹಾರಿಸಿದ. ಇಡೀ ಕಟ್ಟಡ ಸುಟ್ಟುಹೋಯಿತು. ಜನರನ್ನು ಹೊರಗೆ ತರೋಕೆ ಓಡಾಡಿದವನು ಮಾಂತ್ರೂ ಜಾಝ್ ಉತ್ಸವದ ಕ್ಲೋಡ್ ನಾಬ್ಸ್. ಹಾಡಿನ ಸಾಲಿನಲ್ಲಿ ಬರುವ ‘ಫಂಕಿ ಕ್ಲಾಡ್’ ಅವನೇ. ಸರೋವರದ ನೀರಿನ ಮೇಲೆ ಹಬ್ಬಿದ ಹೊಗೆಯನ್ನು ಬ್ಯಾಂಡಿನವರು ಕಣ್ಣಾರೆ ನೋಡಿದರು.

ಜಾಗ ಹೋಯಿತು. ಊರಿನ ಪೆವಿಲಿಯನ್ ಅನ್ನೋ ನಾಟಕ ಮಂದಿರಕ್ಕೆ ಹೋದರು. ರಾತ್ರಿ ಹೊತ್ತು ಒಂದು ಟ್ರ್ಯಾಕ್ ನುಡಿಸುತ್ತಿದ್ದಾಗ ಅಕ್ಕಪಕ್ಕದವರ ದೂರಿನ ಮೇಲೆ ಪೊಲೀಸರು ಬಂದು ಬಾಗಿಲು ಬಡಿಯತೊಡಗಿದರು. ಒಳಗೆ ಬ್ಯಾಂಡಿನ ಕೆಲಸದ ಹುಡುಗರು ಬಾಗಿಲು ಒತ್ತಿ ಹಿಡಿದು ನಿಂತರು. ಟೇಕ್ ಮುಗಿಯೋ ತನಕ ಬಾಗಿಲು ತೆರೆಯಲಿಲ್ಲ. ಆ ಟ್ರ್ಯಾಕೇ ಮುಂದೆ ‘ಸ್ಮೋಕ್ ಆನ್ ದ ವಾಟರ್’ ಆಯಿತು. ಉಳಿದ ಆಲ್ಬಂ ರೆಕಾರ್ಡ್ ಆದದ್ದು ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರ್‌ನಲ್ಲಿ, ಹಾಸಿಗೆಗಳನ್ನು ಅಡ್ಡ ನಿಲ್ಲಿಸಿಕೊಂಡು. ನುಡಿಸಿದ್ದನ್ನು ಕೇಳಬೇಕು ಅಂದರೆ ಕೋಣೆಗಳನ್ನೂ ಬಾಲ್ಕನಿಗಳನ್ನೂ ದಾಟಿ ಲಾರಿಗೆ ಹೋಗಬೇಕಿತ್ತು. ಕೊನೆಕೊನೆಗೆ ಕೇಳುವುದನ್ನೇ ಬಿಟ್ಟರು. ಹೀಗೆ ಹುಟ್ಟಿದ ‘ಮಷೀನ್ ಹೆಡ್’ ಆಲ್ಬಂನ ಆ ಬಿಸಿ ಬಿಸಿ ಗುಣಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. 1972ರ ಮಾರ್ಚ್‌ನಲ್ಲಿ ಬಂದ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ತಮಾಷೆ ಅಂದರೆ ಈ ಹಾಡು ಇಷ್ಟು ಓಡುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮೊದಲು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ಚಿಕ್ಕ ರೆಕಾರ್ಡ್ ಆಗಿ, ಬಿಟ್ಟಿದ್ದು ‘ನೆವರ್ ಬಿಫೋರ್’. ‘ಸ್ಮೋಕ್’ ಸಿಂಗಲ್ ಆಗಿ ಅಮೆರಿಕದಲ್ಲಿ 4ನೇ ಸ್ಥಾನ ಮುಟ್ಟಿದ್ದು 1973ರಲ್ಲಿ.

ನೀವು ಈ ರಿಫ್ ಹೇಗೆ ನುಡಿಸುತ್ತೀರಿ? ಬಹುಶಃ ಕಡೆಯ ದಪ್ಪ ತಂತಿಯ ಮೇಲೆ ಒಂದೊಂದೇ ಸ್ವರ, ಇಲ್ಲವೇ ಪವರ್ ಕಾರ್ಡ್ ಅನ್ನೋ ಎರಡು ಸ್ವರದ ಜೋಡಿ ಹಾಕಿ ಪಿಕ್‌ನಿಂದ ಬಾರಿಸುತ್ತೀರಿ. ಬ್ಲ್ಯಾಕ್‌ಮೋರ್ ಹಾಗೆ ನುಡಿಸುವುದಿಲ್ಲ. ಡಿ ಮತ್ತು ಜಿ ತಂತಿ ಎರಡನ್ನೂ ಒಟ್ಟಿಗೆ ಹಿಡಿಯಿರಿ. ಪಿಕ್ ಬದಿಗಿಟ್ಟು ಎರಡು ಬೆರಳಲ್ಲಿ ಒಂದೇ ಸಲಕ್ಕೆ ಮೀಟಿ. ಮೊದಲು ಒತ್ತದೆ ಬಿಟ್ಟ ತಂತಿ, ಆಮೇಲೆ 3, 5ನೇ ಫ್ರೆಟ್ (ಗಿಟಾರ್ ಕತ್ತಿನ ಲೋಹದ ಅಡ್ಡಪಟ್ಟಿ). ಮತ್ತೆ ಬಿಟ್ಟ ತಂತಿ, 3, 6, 5. ಮತ್ತೆ ಬಿಟ್ಟ ತಂತಿ, 3, 5, 3, ಬಿಟ್ಟ ತಂತಿ. ಪಿಕ್ ಬಳಸಿದರೆ ಒಂದು ತಂತಿ ಮೊದಲು, ಇನ್ನೊಂದು ಆಮೇಲೆ ಸದ್ದು ಮಾಡುತ್ತದೆ. ಬೆರಳಲ್ಲಿ ಮೀಟಿದರೆ ಎರಡೂ ಒಟ್ಟಿಗೆ ಬಡಿಯುತ್ತವೆ. ಆ ಎರಡು ತಂತಿಗಳ ಅಂತರ ನಮ್ಮ ಲೆಕ್ಕದಲ್ಲಿ ಷಡ್ಜದಿಂದ ಶುದ್ಧ ಮಧ್ಯಮ. ಯುರೋಪಿನ ಮಧ್ಯಯುಗದ ಚರ್ಚುಗಳಲ್ಲಿ ಎರಡು ದನಿಗಳು ಇದೇ ಥರ ಒಂದೇ ಅಂತರ ಕಾಯ್ದುಕೊಂಡು ಜೊತೆಜೊತೆಗೆ ನಡೆಯುತ್ತಿದ್ದವು. ರಾಕ್ ಲೋಕದ ಅತಿ ಪ್ರಸಿದ್ಧ ರಿಫ್‌ನಲ್ಲೇ ಆ ಹಳೇ ಸದ್ದು ಅಡಗಿತ್ತು. ಇಪ್ಪತ್ತೈದು ವರ್ಷ ಆದ ಮೇಲೆ ಅವನು ಅದೇ ಕಾಲದ ವಾದ್ಯಗಳನ್ನು ಕೈಗೆತ್ತಿಕೊಂಡಾಗ ಜನ ಆಶ್ಚರ್ಯಪಟ್ಟರು. ಅಷ್ಟೊಂದು ಆಶ್ಚರ್ಯ ಬೇಕಿರಲಿಲ್ಲ.

ಅದೇ ಆಲ್ಬಂನ ‘ಹೈವೇ ಸ್ಟಾರ್’ ಹುಟ್ಟಿದ್ದು ಪೋರ್ಟ್ಸ್‌ಮತ್‌ಗೆ ಹೋಗೋ ಬಸ್ಸಿನಲ್ಲಿ. ಹಾಡು ಹೇಗೆ ಬರೀತೀರಿ ಅಂತ ಪತ್ರಕರ್ತರೊಬ್ಬರು ಕೇಳಿದರು. ಹೀಗೆ ಅಂತ ಬ್ಲ್ಯಾಕ್‌ಮೋರ್ ಗಿಟಾರ್ ಎತ್ತಿಕೊಂಡ, ಗಿಲನ್ ಬಾಯಿಗೆ ಬಂದ ಮಾತು ಜೋಡಿಸಿದ. ಅದರ ಗಿಟಾರ್ ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ನಿಂತು ನುಡಿಯುವ ಭಾಗ, ಮಾತ್ರ ಬಾಯಿಗೆ ಬಂದದ್ದಲ್ಲ. ಸ್ವರ ಸ್ವರ ಕೂತು ಕಟ್ಟಿದ್ದು. ಡಿ ಮೈನರ್, ಜಿ ಮೈನರ್, ಸಿ, ಎ ಅನ್ನೋ ಕಾರ್ಡ್ ಸರಣಿ ನೇರವಾಗಿ ಬಾಕ್ ಮನೆಯಿಂದ ಬಂದದ್ದು. ಆಗಿನ ಬ್ರಿಟಿಷ್ ಗಿಟಾರಿಸ್ಟ್‌ಗಳು ಹೆಚ್ಚಿನವರು ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತವನ್ನೇ ನೆಚ್ಚಿಕೊಂಡಿದ್ದರು. ಇವನು ಬ್ಲೂಸ್ ಬಿಡದೇ ಅದರ ಪಕ್ಕಕ್ಕೆ ಹಾರ್ಮೋನಿಕ್ ಮೈನರ್ ಅನ್ನೋ ಸ್ವರಶ್ರೇಣಿಯನ್ನು ತಂದಿಟ್ಟ. ಕರ್ನಾಟಕ ಸಂಗೀತ ಕೇಳಿ ಗೊತ್ತಿರುವವರಿಗೆ ಇದು ಹೊಸದಲ್ಲ. ಹಾರ್ಮೋನಿಕ್ ಮೈನರ್‌ನ ಸ್ವರಗಳು ಅಂದರೆ 21ನೇ ಮೇಳಕರ್ತ ಕೀರವಾಣಿಯ ಸ್ವರಗಳು. ರಾಗ ಒಂದೇ ಅಂತ ಹೇಳುತ್ತಿಲ್ಲ. ನಮ್ಮ ಗಮಕ ಅಲ್ಲಿಲ್ಲ, ಅವರ ಕಾರ್ಡ್ ಇಲ್ಲಿಲ್ಲ. ಆದರೂ ಅವನ ಸೋಲೋ ನಮ್ಮ ಕಿವಿಗೆ ಬೇಗ ಒಗ್ಗುವುದಕ್ಕೆ ಇದು ಕಾರಣ ಇರಬಹುದು.

ಅವನ ಗಿಟಾರ್ ಬಗ್ಗೆಯೂ ಒಂದು ಮಾತು. ಮೊದಲು ಗಿಬ್ಸನ್ ಇಎಸ್-335 ನುಡಿಸುತ್ತಿದ್ದ. ‘ಚೈಲ್ಡ್ ಇನ್ ಟೈಮ್’ ಸೋಲೋ ಅದರದ್ದೇ. ಆಮೇಲೆ ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ಗೆ ಬಂದ. ಫ್ರೆಟ್‌ಗಳ ನಡುವಿನ ಮರವನ್ನು ಕೆರೆಸಿ ಹಳ್ಳ ಮಾಡಿಸಿದ. ಹೀಗೆ ಮಾಡಿದರೆ ಬೆರಳು ತಂತಿಯನ್ನು ಮಾತ್ರ ಮುಟ್ಟುತ್ತದೆ, ಮರ ಅಡ್ಡ ಬರುವುದಿಲ್ಲ. ವೀಣೆಯಲ್ಲಿ ಮೇಣದ ಮೇಲೆ ಎತ್ತರಕ್ಕೆ ಕೂರಿಸಿದ ಮೆಟ್ಟಿಲುಗಳು ಮಾಡುವುದೂ ಇದೇ ಕೆಲಸ. ತಂತಿ ಎಳೆದು ಸ್ವರ ಬಾಗಿಸೋದು ಸಲೀಸು. ಆದರೆ ಸ್ವಲ್ಪ ಜಾಸ್ತಿ ಒತ್ತಿದರೂ ಅಪಸ್ವರ. ನೀವು ಹೊಸಬರು, ಸದ್ಯಕ್ಕೆ ಈ ಆಸೆ ಬೇಡ.

ಇನ್ನು ಜಗಳಗಳು. 1972ರ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೋದಲ್ಲಿ ರೆಕಾರ್ಡ್ ಆದ ‘ಮೇಡ್ ಇನ್ ಜಪಾನ್’ ಲೈವ್ ಆಲ್ಬಂ ಕೇಳಿದರೆ ಇವರಿಗೆ ಪರಸ್ಪರ ಆಗುತ್ತಿರಲಿಲ್ಲ ಅಂತ ನಂಬೋಕೇ ಆಗಲ್ಲ. ಆದರೆ ಒಂದು ವರ್ಷ ತುಂಬುವುದರೊಳಗೆ, 1973ರ ಜೂನ್‌ನಲ್ಲಿ, ಗಿಲನ್ ಹೊರಟ. ತಾನು ಉಳಿಯಬೇಕಾದರೆ ಗ್ಲೋವರ್ ಹೋಗಬೇಕು ಅಂತ ಬ್ಲ್ಯಾಕ್‌ಮೋರ್ ಹಟ ಹಿಡಿದ. ಗ್ಲೋವರ್ ಕೂಡ ಹೋದ. ಇದು ಸಂಗೀತದ ಮಾತಲ್ಲ, ದರ್ಪದ ಮಾತು. ಇಲ್ಲಿ ನಾನು ಅವನ ಪರ ವಾದ ಮಾಡೋದಿಲ್ಲ.

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್ ಕವರ್‌ಡೇಲ್ ಹಾಡುಗಾರನಾಗಿ ಬಂದ, ಗ್ಲೆನ್ ಹ್ಯೂಸ್ ಬೇಸ್ ಹಿಡಿದು ಜೊತೆಗೆ ಹಾಡಿದ. 1974ರ ‘ಬರ್ನ್’ ಜಬರ್ದಸ್ತ್ ಆಲ್ಬಂ. ಅದೇ ವರ್ಷ ಏಪ್ರಿಲ್ 6ರ ಕ್ಯಾಲಿಫೋರ್ನಿಯಾ ಜ್ಯಾಮ್ ಅನ್ನೋ ಸಂಗೀತ ಉತ್ಸವದಲ್ಲಿ, ಒಪ್ಪಂದದಂತೆ ಸೂರ್ಯ ಮುಳುಗಿದ ಮೇಲೇ ಬರೋದು ಅಂತ ಬ್ಲ್ಯಾಕ್‌ಮೋರ್ ಕೋಣೆ ಬಾಗಿಲು ಹಾಕಿಕೊಂಡು ಕೂತ. ಕೊನೆಗೆ ವೇದಿಕೆಗೆ ಬಂದವನು ತನ್ನ ಹತ್ತಿರ ಬಂದ ಟಿವಿ ಕ್ಯಾಮೆರಾಗೆ ಗಿಟಾರಿನಿಂದ ತಿವಿದ. ಪೆಟ್ರೋಲ್ ಸುರಿದಿದ್ದ ಆಂಪ್ಲಿಫೈಯರ್ ಸಿಡಿಯಿತು. ಬ್ಯಾಂಡಿನವರು ಹೆಲಿಕಾಪ್ಟರ್ ಹತ್ತಿ ಪರಾರಿ. ಆ ವಿಡಿಯೋ ಎಲ್ಲರೂ ನೋಡುತ್ತಾರೆ. ನಾನು ಹೇಳೋದು, ಆ ದಿನದ ನುಡಿಸಾಟವನ್ನೂ ಒಮ್ಮೆ ಕೇಳಿ.

ಮುಂದಿನ ಆಲ್ಬಂ ‘ಸ್ಟಾರ್ಮ್‌ಬ್ರಿಂಗರ್’ ಹೊತ್ತಿಗೆ ಕವರ್‌ಡೇಲ್ ಮತ್ತು ಹ್ಯೂಸ್ ಇಬ್ಬರೂ ಸೋಲ್, ಫಂಕ್ ಅನ್ನೋ ಕುಣಿತದ ಲಯದ ಸಂಗೀತದ ಕಡೆ ಎಳೆಯುತ್ತಿದ್ದರು. ಬ್ಲ್ಯಾಕ್‌ಮೋರ್‌ಗೆ ಅದು ಸುತರಾಂ ಆಗಲಿಲ್ಲ. ‘ಬ್ಲ್ಯಾಕ್ ಶೀಪ್ ಆಫ್ ದ ಫ್ಯಾಮಿಲಿ’ ಅನ್ನೋ ಹಾಡನ್ನು ಆಲ್ಬಂಗೆ ಹಾಕೋಣ ಅಂದ. ಅದು ಕ್ವಾಟರ್‌ಮಾಸ್ ಬ್ಯಾಂಡಿನ ಹಾಡು. ಆ ಬ್ಯಾಂಡಿನ ಡ್ರಮ್ಮರ್ ಮತ್ತೆ ನಮ್ಮ ಮಿಕ್ ಅಂಡರ್‌ವುಡ್ಡೇ. ಉಳಿದವರು ಬೇಡ ಅಂದರು. ಸರಿ, ನಾನೇ ಮಾಡ್ಕೋತೀನಿ ಅಂತ, ಪರ್ಪಲ್ ಜೊತೆ ಪ್ರವಾಸಕ್ಕೆ ಬರುತ್ತಿದ್ದ ‘ಎಲ್ಫ್’ ಅನ್ನೋ ಅಮೆರಿಕನ್ ಬ್ಯಾಂಡಿನ ಹುಡುಗರನ್ನು ಕರೆದುಕೊಂಡು ಸ್ಟುಡಿಯೋಗೆ ಹೋದ. ಸಿಂಗಲ್‌ನ ಇನ್ನೊಂದು ಬದಿಗೆ ಒಂದು ಹಾಡು ಬೇಕಿತ್ತು. ಅದಕ್ಕೆ ಎಲ್ಫ್‌ನ ಹಾಡುಗಾರ ರಾನಿ ಜೇಮ್ಸ್ ಡಿಯೋ ಜೊತೆ ಕೂತು ಬರೆದದ್ದು ‘ಸಿಕ್ಸ್‌ಟೀನ್ತ್ ಸೆಂಚುರಿ ಗ್ರೀನ್‌ಸ್ಲೀವ್ಸ್’. ಹೆಸರಲ್ಲೇ ಹದಿನಾರನೇ ಶತಮಾನ! ಕುದುರೆ, ಕೋಟೆ, ರಾಜರ ಕಾಲದ ಕಥೆಗೆ ಒಪ್ಪುವ ದನಿ ಕೊನೆಗೂ ಸಿಕ್ಕಿತ್ತು. 1975ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಕಛೇರಿ ಮುಗಿಸಿ ಡೀಪ್ ಪರ್ಪಲ್ ಬಿಟ್ಟ.

ಹೊಸ ಬ್ಯಾಂಡಿಗೆ ರೇನ್‌ಬೋ ಅಂತ ಹೆಸರು. ಹೆಸರಿನ ಮೂಲ ಲಾಸ್ ಏಂಜಲೀಸ್‌ನ ಒಂದು ಬಾರ್. ಮೊದಲ ಆಲ್ಬಂ ಬಂದ ಕೂಡಲೇ ಡಿಯೋ ಒಬ್ಬನನ್ನು ಬಿಟ್ಟು ಉಳಿದ ಎಲ್ಲರನ್ನೂ ಮನೆಗೆ ಕಳಿಸಿದ. ಕ್ರೂರ ಅನ್ನಿಸುತ್ತದೆ, ನಿಜ. ಆದರೆ ಡ್ರಮ್ಮರ್ ಕೋಝಿ ಪವೆಲ್, ಬೇಸ್‌ಗೆ ಜಿಮ್ಮಿ ಬೇನ್, ಕೀಬೋರ್ಡ್‌ಗೆ ಟೋನಿ ಕೇರಿ ಬಂದ ಮೇಲೆ 1976ರಲ್ಲಿ ಹೊರಬಂದ ‘ರೈಸಿಂಗ್’ ಕೇಳಿದರೆ ಅವನ ಲೆಕ್ಕ ಗೊತ್ತಾಗುತ್ತದೆ. ಮ್ಯೂನಿಕ್‌ನಲ್ಲಿ ರೆಕಾರ್ಡ್ ಆದದ್ದು. ಅದರ ‘ಸ್ಟಾರ್‌ಗೇಝರ್’ ಎಂಟು ನಿಮಿಷಕ್ಕೂ ಜಾಸ್ತಿ ಇದೆ. ಆಕಾಶಕ್ಕೆ ಗೋಪುರ ಕಟ್ಟಿಸುವ ಮಾಂತ್ರಿಕ, ಕಲ್ಲು ಹೊರುವ ಗುಲಾಮರು, ಅವರ ಕಣ್ಣಲ್ಲಿ ಕಥೆ. ಆ ಹೊತ್ತಿಗೆ ಬ್ಲ್ಯಾಕ್‌ಮೋರ್ ಚೆಲ್ಲೋ ಕಲಿಯುತ್ತಿದ್ದ, ರಿಫ್‌ನ ನಿಧಾನ ಗತಿಯಲ್ಲಿ ಅದರ ನೆರಳಿದೆ. ಹಿಂದೆ ಮ್ಯೂನಿಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ. ಆಲ್ಬರ್ಟ್ ಹಾಲ್‌ನಲ್ಲಿ ಬೇಡವಾಗಿದ್ದ ಆರ್ಕೆಸ್ಟ್ರಾವನ್ನು ಇಲ್ಲಿ ಅವನೇ ಕರೆಸಿದ, ಆದರೆ ತನ್ನ ರಿಫ್‌ನ ಬೆನ್ನಿಗೆ ನಿಲ್ಲಿಸಿದ. ಅವನ ಇಡೀ ಬದುಕಿನಲ್ಲಿ ಒಂದೇ ಹಾಡು ಉಳಿಸಿಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಆಮೇಲಿನ ತಿರುವು ಮಾತ್ರ ನನ್ನ ವಾದಕ್ಕೆ ಸ್ವಲ್ಪ ತೊಡಕು. 1978ರ ‘ಲಾಂಗ್ ಲಿವ್ ರಾಕ್ ಆ್ಯಂಡ್ ರೋಲ್’ ಆದ ಮೇಲೆ ಬ್ಲ್ಯಾಕ್‌ಮೋರ್‌ಗೆ ರೇಡಿಯೋದಲ್ಲಿ ಓಡುವ ಹಾಡು ಬೇಕು ಅನ್ನಿಸಿತು. ಡಿಯೋ ಒಪ್ಪಲಿಲ್ಲ, ಬ್ಲ್ಯಾಕ್ ಸಬ್ಬಾತ್ ಅನ್ನೋ ಬ್ಯಾಂಡಿಗೆ ಹೋದ. ಅವನ ಜಾಗಕ್ಕೆ ಗಿಡ್ಡ ಕೂದಲಿನ, ಹವಾಯಿ ಅಂಗಿಯ ಗ್ರಹಾಂ ಬಾನೆಟ್ ಬಂದ. ಬೇಸ್ ಹಿಡಿದು, ಆಲ್ಬಂ ನಿರ್ಮಾಣವನ್ನೂ ಮಾಡಿದವನು ಯಾರು ಗೊತ್ತಾ? ಆರು ವರ್ಷದ ಹಿಂದೆ ಇವನೇ ಹೊರಗೆ ಹಾಕಿಸಿದ್ದ ರೋಜರ್ ಗ್ಲೋವರ್. 1979ರ ‘ಸಿನ್ಸ್ ಯು ಬೀನ್ ಗಾನ್’ ಜೋರಾಗಿ ಓಡಿತು. 1980ರ ಆಗಸ್ಟ್ 16ರಂದು ಡಾನಿಂಗ್ಟನ್‌ನ ಮೊದಲ ಮಾನ್‌ಸ್ಟರ್ಸ್ ಆಫ್ ರಾಕ್ ಉತ್ಸವದಲ್ಲಿ ರೇನ್‌ಬೋದೇ ಮುಖ್ಯ ಕಛೇರಿ. ಆಮೇಲೆ ಬಾನೆಟ್ ಹೋದ, ಜೋ ಲಿನ್ ಟರ್ನರ್ ಬಂದ, 1981ರಲ್ಲಿ ‘ಐ ಸರೆಂಡರ್’ ಬ್ರಿಟನ್ನಿನಲ್ಲಿ 3ನೇ ಸ್ಥಾನ. ಇವು ಒಳ್ಳೇ ಪಾಪ್ ಹಾಡುಗಳು, ಅಷ್ಟೆ. ಆದರೂ ನೋಡಿ, ಆ ಹಾಡಿರುವ ಆಲ್ಬಂನ ಕೊನೆಗೆ ಬೀಥೋವನ್‌ನ ಒಂಬತ್ತನೇ ಸಿಂಫನಿಯ ಧಾಟಿಯನ್ನು ಗಿಟಾರಿನಲ್ಲಿ ನುಡಿಸಿಯೇ ಬಿಟ್ಟ. ಕಿವಿ ಎಲ್ಲಿಗೂ ಹೋಗಿರಲಿಲ್ಲ.

1984ರಲ್ಲಿ ಗಿಲನ್, ಗ್ಲೋವರ್ ಇದ್ದ ಹಳೇ ಡೀಪ್ ಪರ್ಪಲ್ ಮತ್ತೆ ಒಂದಾಯಿತು. ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ಅಂತ ಆಲ್ಬಂ ಬಂತು, ಚೆನ್ನಾಗಿದೆ. ಮುಂದೆ ಅದೇ ಹಳೇ ರಾಮಾಯಣ. ಗಿಲನ್ ಹೊರಗೆ, ಟರ್ನರ್ ಒಳಗೆ, ಮತ್ತೆ ಗಿಲನ್ ಒಳಗೆ. 1993ರ ನವೆಂಬರ್ 17ರ ಹೆಲ್ಸಿಂಕಿ ಕಛೇರಿಯೇ ಡೀಪ್ ಪರ್ಪಲ್ ಜೊತೆ ಬ್ಲ್ಯಾಕ್‌ಮೋರ್‌ನ ಕೊನೆಯದು. ಪ್ರವಾಸ ಇನ್ನೂ ಬಾಕಿ ಇತ್ತು. ಜಪಾನ್ ಕಛೇರಿಗಳಿಗೆ ಜೋ ಸಾಟ್ರಿಯಾನಿ ಅನ್ನೋ ಅಮೆರಿಕದ ಗಿಟಾರಿಸ್ಟನ್ನು ಕರೆಸಬೇಕಾಯಿತು.

ಡೂಗಿ ವೈಟ್ ಹಾಡುಗಾರನಾಗಿ 1995ರಲ್ಲಿ ರೇನ್‌ಬೋದ ಇನ್ನೊಂದು ಆಲ್ಬಂ ಆಯಿತು. 1997ರಲ್ಲಿ ಅವನ ಹೊಸ ಬ್ಯಾಂಡ್ ಬ್ಲ್ಯಾಕ್‌ಮೋರ್ಸ್ ನೈಟ್‌ನ ಮೊದಲ ಆಲ್ಬಂ ‘ಶ್ಯಾಡೋ ಆಫ್ ದ ಮೂನ್’ ಬಂತು. ಹಾಡೋದು ಕ್ಯಾಂಡಿಸ್ ನೈಟ್. 2008ರಲ್ಲಿ ಇಬ್ಬರೂ ಮದುವೆಯಾದರು. ಅಕೂಸ್ಟಿಕ್ ಗಿಟಾರ್, ಮ್ಯಾಂಡೊಲಿನ್, ಹಿಡಿ ತಿರುಗಿಸಿ ನುಡಿಸುವ ಹರ್ಡಿ-ಗರ್ಡಿ, ಹಳೇ ಕಾಲದ ಉಡುಪು, ಜರ್ಮನಿಯ ಕೋಟೆಗಳಲ್ಲಿ ಕಛೇರಿ. ರಾಕ್ ಅಭಿಮಾನಿಗಳು ಬಹಳ ಗೇಲಿ ಮಾಡಿದರು. ಆದರೆ ಲೆಕ್ಕ ಹಾಕಿ. ಡೀಪ್ ಪರ್ಪಲ್‌ನಲ್ಲಿ ಎರಡು ಕಂತು ಸೇರಿ ಸುಮಾರು ಹದಿನಾರು ವರ್ಷ ಇದ್ದ. ಈ ಬ್ಯಾಂಡ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳಿತು. 2021ರಲ್ಲೂ ಹೊಸ ಆಲ್ಬಂ ತಂದರು. ಎಳೆದಾಡುವವರು ಯಾರೂ ಇಲ್ಲದ ಕಡೆ ಜಗಳಗಂಟ ಸುಮ್ಮನೆ ಕೂತು ನುಡಿಸಿದ. 2016ರಲ್ಲಿ ಡೀಪ್ ಪರ್ಪಲ್‌ಗೆ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ಅವನು ಸಮಾರಂಭಕ್ಕೆ ಹೋಗಲಿಲ್ಲ. ಅದೇ ವರ್ಷ ರಾನಿ ರೊಮೆರೊ ಅನ್ನೋ ಹೊಸ ಹಾಡುಗಾರನ ಜೊತೆ ಜರ್ಮನಿ ಮತ್ತು ಇಂಗ್ಲೆಂಡಿನಲ್ಲಿ ಕೆಲವು ರೇನ್‌ಬೋ ಕಛೇರಿ ಕೊಟ್ಟ. ಕೈ ಮೊದಲಿನಷ್ಟು ಚುರುಕಿರಲಿಲ್ಲ.

ಕೇಳೋಕೆ ಎಲ್ಲಿಂದ ಶುರು ಮಾಡಲಿ ಅಂದಿರಿ. ‘ಮೇಡ್ ಇನ್ ಜಪಾನ್’ನಿಂದ ಶುರು ಮಾಡಿ. ಸ್ಟುಡಿಯೋ ಆಲ್ಬಂ ಆಮೇಲೆ. ಅದರಲ್ಲಿ ‘ಚೈಲ್ಡ್ ಇನ್ ಟೈಮ್’ ಹನ್ನೆರಡು ನಿಮಿಷ ಇದೆ, ಮೊಬೈಲ್ ಸ್ಪೀಕರ್‌ನಲ್ಲಿ ಕೇಳಬೇಡಿ, ಹೆಡ್‌ಫೋನ್ ಹಾಕಿಕೊಳ್ಳಿ. ಆಮೇಲೆ ‘ರೈಸಿಂಗ್’ ಪೂರ್ತಿ. ಅದಾದ ಮೇಲೆ ‘ಮಷೀನ್ ಹೆಡ್’, ‘ಬರ್ನ್’, ‘ಇನ್ ರಾಕ್’ ಯಾವ ಕ್ರಮದಲ್ಲಾದರೂ ಆದೀತು. ಬ್ಲ್ಯಾಕ್‌ಮೋರ್ಸ್ ನೈಟ್‌ಗೆ ‘ಶ್ಯಾಡೋ ಆಫ್ ದ ಮೂನ್’ ಒಂದು ಸಾಕು. ಆದರೆ ಅದಕ್ಕೆ ಮೊದಲು ‘ಸಿಕ್ಸ್‌ಟೀನ್ತ್ ಸೆಂಚುರಿ ಗ್ರೀನ್‌ಸ್ಲೀವ್ಸ್’ ಕೇಳಿರಿ, ಎರಡಕ್ಕೂ ಇರುವ ನಂಟು ತಾನೇ ಕೇಳಿಸುತ್ತದೆ. ಟರ್ನರ್ ಹಾಡಿದ 1990ರ ಪರ್ಪಲ್ ಆಲ್ಬಂ ‘ಸ್ಲೇವ್ಸ್ ಆ್ಯಂಡ್ ಮಾಸ್ಟರ್ಸ್’ ಸದ್ಯಕ್ಕೆ ಬಿಟ್ಟುಬಿಡಿ. ಅಷ್ಟರಲ್ಲಿ ನಿಮ್ಮ ಬೆರಳು ಆ ಎರಡು ತಂತಿಗಳನ್ನು ಒಟ್ಟಿಗೆ ಮೀಟೋದು ಕಲಿತಿರಲಿ.